ರೊಟ್ಟಿ ಎಣಿಸಿದೆ, ಹಿಂಡಿ ಎಣಿಸಲಿಲ್ಲ

(ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ, ಬೆಳಿಗ್ಗೆ ವಾಕಿಂಗ್‌ಗೆ ಬರುವ ಗೆಳೆಯರ ಮುಂದೆ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕು ಕೈಕೊಟ್ಟ ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ಶರಣು. ಬಿಸಿಲು ಏರುವುದರೊಳಗೆ ಮುಗಿಸಿ ಅಂತ ಹೇಳಿದ್ದಾರೆ. ಏಪ್ರಿಲ್‌ನಲ್ಲಿ ನಮ್ಮೂರಿನ ಒಂಬತ್ತು ಗಂಟೆ ಅಂದರೆ ಬೇರೆ ಊರಿನ ಮಟಮಟ ಮಧ್ಯಾಹ್ನ. ಹಾಗಾಗಿ ಪೀಠಿಕೆ ಬಿಟ್ಟು ಮಾತಿಗೆ ಬರುತ್ತೇನೆ.

ಮೊನ್ನೆ ಇದೇ ಕಟ್ಟೆ ಮೇಲೆ ಕೂತಿದ್ದಾಗ ಒಬ್ಬ ಅಕ್ಕ ಬಂದು ಕೇಳಿದರು: “ಸರ, ಆರು ತಿಂಗಳಾತ್ರಿ ನಡಿಲಕತ್ತು. ಮೊದ್ಲ ನಾಕು ತಿಂಗಳದಾಗ ಏಳು ಕಿಲೋ ಇಳದ್ನಿ. ಈಗ ಎರಡು ತಿಂಗಳಿಂದ ಕಾಟಾ ಅಲ್ಲೇ ನಿಂತದ. ಅನ್ನ ಬಿಟ್ಟೀನಿ, ಸಕ್ಕರಿ ಬಿಟ್ಟೀನಿ. ಇನ್ನ ಏನ್ ಬಿಡ್ಲಿ, ಜೀವ ಬಿಡ್ಲೇನ್ರಿ?”

ಇವತ್ತಿನ ಮಾತೆಲ್ಲ ಆ ಅಕ್ಕನಿಗೆ ಕೊಡುವ ಉತ್ತರ. ತೂಕ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತುಬಿಡುವುದಕ್ಕೆ ಇಂಗ್ಲಿಷಿನಲ್ಲಿ ‘ಪ್ಲೇಟೊ’ ಅನ್ನುತ್ತಾರೆ, ಅಂದರೆ ಪ್ರಸ್ಥಭೂಮಿ. ನಾವು ಹುಟ್ಟಿ ಬೆಳೆದಿದ್ದೇ ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಸಪಾಟು ನೆಲ ನಮಗೇನು ಹೊಸದಲ್ಲ. ಕಾಟಾ ಸಪಾಟಾದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ನಾನು ಔಷಧ ಬರೆದುಕೊಡುವ ಡಾಕ್ಟರಲ್ಲ. ಮೂವತ್ತು ವರ್ಷ ಹುಡುಗರಿಗೆ ಶರೀರಕ್ರಿಯಾ ವಿಜ್ಞಾನ ಕಲಿಸಿದ ಮೇಷ್ಟ್ರು. ಪಾಠ ಹೇಳುತ್ತಲೇ 93 ಕಿಲೋ ಆದವನು. ನಿವೃತ್ತಿಯಾದ ಮೇಲೆ ಎಂಟು ತಿಂಗಳಲ್ಲಿ ಹತ್ತು ಕಿಲೋ ಇಳಿಸಿದೆ, 83ಕ್ಕೆ ಬಂದೆ. ಅಲ್ಲಿ ಹನ್ನೊಂದು ವಾರ ನಿಂತೆ. ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ: 83.2, 82.9, 83.4, 83.1. ನಮ್ಮ ಮನೆಯವರು ಒಂದು ದಿನ, “ಇದೇನ್ರಿ, ಪೆಟ್ರೋಲ್ ರೇಟ್ ಬರ್ದಂಗ ಬರಿಲತ್ತೀರಿ” ಅಂದರು.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ತೂಕ ನಿಜವಾಗಿ ನಿಂತಿದೆಯಾ? ಒಬ್ಬರು ಹತ್ತು ದಿನಕ್ಕೇ ಗಾಬರಿಯಾಗಿ ಫೋನ್ ಮಾಡಿದ್ದರು. ಹತ್ತು ದಿನ ಯಾವ ಲೆಕ್ಕವೂ ಅಲ್ಲ. ಕಾಟಾ ಕೊಬ್ಬನ್ನಷ್ಟೇ ತೂಗುವುದಿಲ್ಲ. ನೀರು, ಹೊಟ್ಟೆಯೊಳಗಿನ ಊಟ, ರಾತ್ರಿ ನೆಕ್ಕಿದ ಉಪ್ಪಿನಕಾಯಿ ಹಿಡಿದಿಟ್ಟುಕೊಂಡ ದ್ರವ, ಎಲ್ಲವೂ ಅದರ ಮೇಲೆ ನಿಲ್ಲುತ್ತವೆ. ಒಂದು ಮದುವೆ ಊಟ ಮುಗಿಸಿ ಬಂದ ಮರುದಿನ ಒಂದೂವರೆ ಕಿಲೋ ಏರಿದ್ದನ್ನು ನಾನೇ ನೋಡಿದ್ದೇನೆ. ರಾತ್ರೋರಾತ್ರಿ ಅಷ್ಟು ಕೊಬ್ಬು ಕೂಡಲು ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕು, ಬೀಗರು ಎಷ್ಟೇ ಬಲವಂತ ಮಾಡಿದರೂ ಅದು ಆಗುವ ಮಾತಲ್ಲ. ಹೆಣ್ಣುಮಕ್ಕಳಿಗೆ ತಿಂಗಳ ಚಕ್ರದ ಜೊತೆಗೇ ನೀರು ಏರಿಳಿಯುತ್ತದೆ. ಹೊಸದಾಗಿ ಬೈಠಕ್ ಹೊಡೆಯಲು ಶುರು ಮಾಡಿದವರ ಸ್ನಾಯುಗಳು ಊದಿಕೊಂಡು ನೀರು ಹಿಡಿಯುತ್ತವೆ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿರಿ. ವಾರದ ಏಳು ಅಂಕಿ ಕೂಡಿಸಿ ಸರಾಸರಿ ತೆಗೆಯಿರಿ. ಸರಾಸರಿ ನಾಲ್ಕು ವಾರ ಅಲುಗಾಡದಿದ್ದರೆ ನಿಂತಿದೆ ಅನ್ನಿ. ಜೊತೆಗೊಂದು ದರ್ಜಿ ಟೇಪು ಇಟ್ಟುಕೊಳ್ಳಿ. ನನ್ನ ಕಾಟಾ ನಿಂತ ಆ ಹನ್ನೊಂದು ವಾರದಲ್ಲೇ ಸೊಂಟ 98 ಸೆಂಟಿಮೀಟರ್‌ನಿಂದ 96ಕ್ಕೆ ಬಂದಿತ್ತು.

ಇದೇ ನೀರು ಮೊದಲ ವಾರಗಳಲ್ಲಿ ನಮ್ಮನ್ನು ಹೆಮ್ಮೆಯಿಂದ ಉಬ್ಬಿಸುತ್ತದೆ. ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜೆನ್ ಅಂತ ಒಂದು ದಾಸ್ತಾನು ಇರುತ್ತದೆ, ಅರ್ಧ ಕಿಲೋದಷ್ಟು. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖರ್ಚಾಗುವುದು ಅದು. ಮೊದಲ ವಾರ ಎರಡು ಕಿಲೋ ಇಳಿದಾಗ ಊರೆಲ್ಲ ಹೇಳಿಕೊಂಡು ಬರುತ್ತೇವೆ. ಆಮೇಲೆ ವಾರಕ್ಕೆ ಕಾಲು ಕಿಲೋ ಇಳಿದರೆ ಏನೋ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿದ್ದೇನೂ ಇಲ್ಲ, ನೀರು ಮುಗಿದು ನಿಜವಾದ ಕೆಲಸ ಶುರುವಾಗಿದೆ.

ಈಗ ನಿಜವಾಗಿಯೂ ನಿಂತವರ ವಿಷಯ. 1958ರಲ್ಲಿ ಮ್ಯಾಕ್ಸ್ ವಿಷ್ನೋಫ್ಸ್ಕಿ ಎಂಬ ಅಮೆರಿಕದ ವೈದ್ಯ ಒಂದು ಲೆಕ್ಕ ಬರೆದ: ಒಂದು ಪೌಂಡ್ ದೇಹತೂಕಕ್ಕೆ 3500 ಕ್ಯಾಲೊರಿ. ನಮ್ಮ ಕಿಲೋ ಲೆಕ್ಕದಲ್ಲಿ ಸುಮಾರು 7700. ಇವತ್ತಿಗೂ ಜಿಮ್ಮಿನ ಗೋಡೆಯಿಂದ ಹಿಡಿದು ಮೊಬೈಲ್ ಆ್ಯಪ್‌ತನಕ ಇದೇ ಓಡುತ್ತಿದೆ. ನಾನೂ ಇದನ್ನೇ ನಂಬಿ ಕೂತಿದ್ದೆ. ರಾತ್ರಿ ಒಂದು ರೊಟ್ಟಿ ಬಿಟ್ಟೆ, ಚಹಾಕ್ಕೆ ಸಕ್ಕರೆ ಬಿಟ್ಟೆ, ಕೆರೆಗೆ ಸುತ್ತು ಹಾಕಿದೆ. ಎಲ್ಲ ಸೇರಿ ದಿನಕ್ಕೆ ಸುಮಾರು 500 ಕ್ಯಾಲೊರಿ ಕೊರತೆ. ಎಂಟು ತಿಂಗಳಿಗೆ ಪುಸ್ತಕದ ಪ್ರಕಾರ ಹದಿನೈದೂವರೆ ಕಿಲೋ ಇಳಿಯಬೇಕಿತ್ತು. ಇಳಿದದ್ದು ಹತ್ತು. ಉಳಿದ ಐದೂವರೆ ಎಲ್ಲಿ?

ಎಲ್ಲೂ ಹೋಗಿಲ್ಲ. ಆ ಲೆಕ್ಕದಲ್ಲೇ ಒಂದು ಹುಳುಕಿದೆ. ದೇಹದ ಖರ್ಚು ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ ಇರುತ್ತದೆ ಅಂತ ಅದು ಹಿಡಿದುಕೊಂಡಿದೆ. 93 ಕಿಲೋದವನು ಈ ಕೆರೆಗೆ ಒಂದು ಸುತ್ತು ಹಾಕುವುದಕ್ಕೂ 83 ಕಿಲೋದವನು ಹಾಕುವುದಕ್ಕೂ ಒಂದೇ ಖರ್ಚು ಹೇಗಾದೀತು? ಹತ್ತು ಕಿಲೋ ಜೋಳದ ಚೀಲ ಹೆಗಲಿನಿಂದ ಇಳಿಸಿ ನಡೆದಂತೆ ಅದು. ಕೂತಾಗಲೂ, ಮಲಗಿದಾಗಲೂ ಸಣ್ಣ ದೇಹಕ್ಕೆ ಸಣ್ಣ ಖರ್ಚು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿದ್ದಾರೆ. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ಇಳಿಯುತ್ತದೆ. ನನ್ನ ಹತ್ತು ಕಿಲೋಗೆ ಸುಮಾರು 250. ಅಂದರೆ 500ರ ಕೊರತೆಯಲ್ಲಿ ಅರ್ಧ ತಾನಾಗಿಯೇ ಕರಗಿಹೋಯಿತು. ನಾನು ಏನೂ ತಪ್ಪು ಮಾಡದೆಯೇ.

ಇನ್ನರ್ಧಕ್ಕೆ ಮಾತ್ರ ತಪ್ಪು ಹುಡುಕಬೇಕಾಗಿ ಬಂತು.

ಬಂಗಾರದಂಗಡಿಯ ತಕ್ಕಡಿ ಇರುತ್ತದಲ್ಲ, ಅದೇ ಥರದ ಸಣ್ಣ ಅಡುಗೆಮನೆ ಕಾಟಾ ತಂದೆ. ಮನೆಯವರಿಗೆ ಮೂರು ದಿನ ನನ್ನ ತಟ್ಟೆ ತೂಗಿ ಬಡಿಸಲು ಹೇಳಿದೆ. ಅವರು, “ನಾ ಏನ್ ಕಿರಾಣಿ ಅಂಗಡಿ ಇಟ್ಟೀನೇನು?” ಅಂದರು. ಕೊನೆಗೆ ನಾನೇ ತೂಗಿಕೊಂಡೆ. ರಾತ್ರಿ ಎರಡು ಬಿಸಿ ರೊಟ್ಟಿ. ಒಂದಕ್ಕೆ ಹಿಟ್ಟು 60 ಗ್ರಾಂ, ಸುಮಾರು 200 ಕ್ಯಾಲೊರಿ. ಎರಡೇ ಎರಡು, ಲೆಕ್ಕ ಬರೋಬರಿ. ಮೂರನೆಯದನ್ನು ಎಂಟು ತಿಂಗಳಲ್ಲಿ ಒಂದು ದಿನವೂ ಮುಟ್ಟಿಲ್ಲ. ಬದನೆಕಾಯಿ ಪಲ್ಯ ಸರಿ, ಬ್ಯಾಳಿ ಸರಿ. ಆಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ನಾವು ಹಿಂಡಿ ಹೇಗೆ ತಿನ್ನುತ್ತೇವೆ ಅಂತ ನಿಮಗೆ ಹೇಳಬೇಕಾಗಿಲ್ಲ. ತಟ್ಟೆಯ ಅಂಚಿಗೆ ಗುಡ್ಡೆ ಹಾಕಿಕೊಂಡು, ನಡುವೆ ಬೆರಳಿನಿಂದ ಕುಳಿ ಮಾಡಿ, ಅದರೊಳಗೆ ಎಣ್ಣೆ ಬಿಟ್ಟು, ಕಲಸಿ, ರೊಟ್ಟಿಯ ಮುರುಕಿಗೆ ಒತ್ತಿ ಬಾಯಿಗೆ. ಮೊದಲ ತಿಂಗಳು ನಾನು ಹಾಕಿಕೊಳ್ಳುತ್ತಿದ್ದದ್ದು ಒಂದು ಚಮಚ ಹಿಂಡಿ, ಮೊಸರಿನಲ್ಲಿ ಕಲಸಿ. ಕಾಟಾ ಮೇಲೆ ಇಟ್ಟ ದಿನ ಅದು ಮೂರು ಚಮಚ ಆಗಿತ್ತು, ಮೊಸರು ಹೋಗಿ ಎಣ್ಣೆ ಬಂದಿತ್ತು. ಹೆಚ್ಚಾದ ಹಿಂಡಿ 20 ಗ್ರಾಂ, 110 ಕ್ಯಾಲೊರಿ. ಎಣ್ಣೆ 10 ಗ್ರಾಂ, ಗ್ರಾಂಗೆ ಒಂಬತ್ತರಂತೆ 90. ಒಟ್ಟು 200. ಬಿಟ್ಟ ರೊಟ್ಟಿ ಹಿಂಬಾಗಿಲಿನಿಂದ ವಾಪಸ್ ಬಂದು ತಟ್ಟೆಯಲ್ಲೇ ಕೂತಿತ್ತು! ಉಳಿದ ಐವತ್ತಕ್ಕೆ ಸಂಜೆ ಚಹಾದ ಜೊತೆಗೆ ಯಾವಾಗಲೋ ಸೇರಿಕೊಂಡಿದ್ದ ಬಿಸ್ಕತ್ತು ಸಿಕ್ಕಿಬಿತ್ತು. ಲೆಕ್ಕ ಇಷ್ಟು ಚೊಕ್ಕಟವಾಗಿ ಕೂಡುವುದು ಅಪರೂಪ, ಹತ್ತಿಪ್ಪತ್ತು ಕ್ಯಾಲೊರಿ ಹಿಂದೆಮುಂದೆ ಆಗಿರಬಹುದು. ಕಳ್ಳ ಮಾತ್ರ ಅವನೇ.

ಯಾವ ದಿನ ಅದು ಒಂದರಿಂದ ಮೂರಾಯಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನಾಲಿಗೆ ಚಪಲ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಆದರೆ ಅದಕ್ಕಿಂತ ದೊಡ್ಡದೊಂದು ಶಕ್ತಿ ಒಳಗೆ ಕೆಲಸ ಮಾಡುತ್ತಿರುತ್ತದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಕೊಬ್ಬಿನ ಕೋಶಗಳೇ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಕಣಜದಲ್ಲಿ ಕಾಳೆಷ್ಟಿದೆ ಅಂತ ಮಿದುಳಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳಿಗೆ ಅದು ಬರಗಾಲದ ಸುದ್ದಿ. ನೀವು ಬೇಕಂತಲೇ ಸಣ್ಣಗಾಗುತ್ತಿದ್ದೀರಿ ಅಂತ ಅದಕ್ಕೆ ಹೇಳುವವರಾರು? ಹಸಿವು ಏರಿಸುತ್ತದೆ. ಎಷ್ಟು? ಅದೇ ಹಾಲ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಂದಾಜು, ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹಸಿವು ಹೆಚ್ಚು. ಖರ್ಚು ಇಳಿಯುವುದು ಕಿಲೋಗೆ 20-30, ಹಸಿವು ಏರುವುದು 100. ಹತ್ತು ಕಿಲೋ ಇಳಿಸಿದ ನನ್ನ ಬೆನ್ನ ಹಿಂದೆ ದಿನಾ ಸಾವಿರ ಕ್ಯಾಲೊರಿಯ ಹಸಿವು ನಿಂತಿತ್ತು. ಅದರ ಎದುರು ಎರಡು ಚಮಚ ಹಿಂಡಿಗೆ ಸೋತಿದ್ದೇನೆ ಅಂದರೆ, ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಕಾದಾಡಿದ್ದೇನೆ.

ಹಿಂಡಿ ಲೆಕ್ಕ ತಪ್ಪಿದ್ದು ನಾನೊಬ್ಬನೇ ಅಲ್ಲ. 1992ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು, ‘ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ’ ಅನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರಿಗೆಲ್ಲ ತಮ್ಮ ದೇಹದಲ್ಲೇ ಏನೋ ದೋಷ ಇದೆ ಅನ್ನುವ ಖಾತ್ರಿ. ಅಳೆದು ನೋಡಿದರೆ ಚಯಾಪಚಯ, ಅಂದರೆ ದೇಹ ಕ್ಯಾಲೊರಿ ಖರ್ಚು ಮಾಡುವ ಬಗೆ, ಸರಿಯಾಗೇ ಇತ್ತು. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ಓಡಾಟವನ್ನು ಶೇ 51ರಷ್ಟು ಹೆಚ್ಚು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಒಲೆ ಮುಂದೆ ನಿಂತು ಹೂರಣದ ರುಚಿ ನೋಡಿದ್ದನ್ನು ಯಾರು ಊಟ ಅಂತ ಬರೆಯುತ್ತಾರೆ?

ಇನ್ನೊಂದು ಮಾತು ಈ ದಂಡೆಯಲ್ಲಿ ಬಹಳ ಓಡಾಡುತ್ತದೆ. ‘ಕಡಿಮೆ ತಿಂದರೆ ದೇಹ ಬಂದ್ ಆಗಿಬಿಡುತ್ತೆ, ಆಮೇಲೆ ಗಾಳಿ ಕುಡಿದರೂ ತೂಕ ಏರುತ್ತೆ’ ಅಂತ. ಇದರಲ್ಲಿ ಕಾಲುಭಾಗ ಸತ್ಯ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಉಣ್ಣಿಸುವುದು ಹೇಗೆ ಅಂತ ತಿಳಿಯಬೇಕಿತ್ತು. ಆಲೂಗಡ್ಡೆ, ಬ್ರೆಡ್ಡು, ಟರ್ನಿಪ್ ಗಡ್ಡೆ. ದೇಹತೂಕದ ಸುಮಾರು ನಾಲ್ಕನೇ ಒಂದು ಭಾಗ ಕಳೆದುಕೊಂಡರು. ಸುಮ್ಮನೆ ಮಲಗಿದಾಗ ಅವರ ದೇಹ ಮಾಡುವ ಖರ್ಚು ಶೇ 40ರಷ್ಟು ಬಿದ್ದಿತು, ಚಳಿ ಅನ್ನುತ್ತಿದ್ದರು, ಮೆಟ್ಟಿಲು ಕಂಡರೆ ಹೆದರುತ್ತಿದ್ದರು. ಖರ್ಚು ಅಷ್ಟು ಬಿದ್ದರೂ ಬಂದ್ ಆಗಲಿಲ್ಲ, ಎಲುಬು ಕಾಣುವವರೆಗೂ ಇಳಿದರು. ದೇಹ ಕೈ ಬಿಗಿ ಹಿಡಿಯುತ್ತದೆ, ಅಂಗಡಿ ಮುಚ್ಚುವುದಿಲ್ಲ.

ಆ ಕೈಬಿಗಿ ಹೇಗಿರುತ್ತದೆ ಅಂತ ಮನೆಯಲ್ಲೇ ನೋಡಬಹುದು. ತೂಕ ಇಳಿದ ಮೇಲೆ ನಮಗೆ ಗೊತ್ತಿಲ್ಲದೆ ನಾವು ಅಲುಗಾಡುವುದನ್ನು ಕಡಿಮೆ ಮಾಡುತ್ತೇವೆ. ನಾನು ಬೆಳಿಗ್ಗೆ ಕೆರೆ ಸುತ್ತು ತಪ್ಪಿಸಿದವನಲ್ಲ, ಆದರೆ ಮನೆಗೆ ಹೋಗಿ ಕುರ್ಚಿಗೆ ಅಂಟಿಕೊಂಡು “ಥೋಡೆ ನೀರ್ ತಾ” ಅಂತ ಕೂಗುವುದು ಯಾವಾಗ ಶುರುವಾಯಿತೋ! ಮೊದಲು ಸೂಪರ್ ಮಾರ್ಕೆಟ್‌ಗೆ ತರಕಾರಿಗೆ ನಡೆದು ಹೋಗುತ್ತಿದ್ದವನು ಈಗ ಸ್ಕೂಟರ್ ಕೀಲಿ ಹುಡುಕುತ್ತಿದ್ದೆ. ಒಂದು ತಾಸು ವಾಕಿಂಗ್ ಮಾಡಿದೆ ಅನ್ನುವ ಗತ್ತು ಉಳಿದ ಹದಿನೈದು ತಾಸನ್ನು ನುಂಗಿಹಾಕುತ್ತದೆ.

ಹಾಗಾದರೆ ಏನು ಮಾಡಬೇಕು? ಇನ್ನೊಂದು ರೊಟ್ಟಿ ಕಡಿಮೆ ಮಾಡಲೇ ಅಂತ ಎಲ್ಲರೂ ಕೇಳುತ್ತಾರೆ. ಬೇಡ ಅಂತಲೇ ನನ್ನ ಅಭಿಪ್ರಾಯ. ಆಗಲೇ ಹಸಿದಿರುವ ಮನುಷ್ಯನಿಂದ ಮತ್ತೆ ಕಿತ್ತುಕೊಂಡರೆ ಹಿಂಡಿ ಐದು ಚಮಚ ಆಗುತ್ತದೆ, ಅಷ್ಟೇ. ನಾನು ಮೊದಲು ಮಾಡಿದ್ದು ಮೂರು ದಿನ ಬರೆದದ್ದು. ಒಂದು ದಿನ ಭಾನುವಾರವೇ ಇರಲಿ, ನಮ್ಮ ಬಣ್ಣ ಬಯಲಾಗುವುದು ಅವತ್ತೇ. ಎರಡನೆಯದು ಬ್ಯಾಳಿ. ತೊಗರಿಯ ಕಣಜದಲ್ಲಿ ಕೂತಿದ್ದೇವೆ, ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬೇರೆ ಬಂದಿದೆ, ಆದರೆ ಮನೆಯಲ್ಲಿ ಕುಡಿಯುವುದು ತಿಳಿ ಸಾರು. ಒಣ ಬೇಳೆಯ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಅದೇ ಬೇಳೆಯನ್ನು ಗಟ್ಟಿಯಾಗಿ ಬಟ್ಟಲು ತುಂಬ ಉಂಡರೆ ಹೊಟ್ಟೆ ಹಿಡಿದಂತಾಗುತ್ತದೆ, ಹಸಿವು ತಡವಾಗಿ ಬರುತ್ತದೆ, ಸ್ನಾಯುವೂ ಉಳಿಯುತ್ತದೆ. ಮೊಸರು, ಮೊಳಕೆ ಹೆಸರು, ತಿನ್ನುವವರಿಗೆ ಮೊಟ್ಟೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರೂ ಅಷ್ಟೇ. ಊಟ ಇಳಿದು ಗುಳಿಗೆ ಅಷ್ಟೇ ಉಳಿದರೆ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಥೈರಾಯ್ಡ್ ಪರೀಕ್ಷೆ ಮಾಡಿಸದವರು ಒಮ್ಮೆ ಮಾಡಿಸಿ.

ಸ್ನಾಯು ಅಂದೆ. ಇಳಿದ ಹತ್ತು ಕಿಲೋ ಪೂರಾ ಕೊಬ್ಬಲ್ಲ. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ನಾಲ್ಕನೇ ಒಂದು ಭಾಗದಷ್ಟು ಕೊಬ್ಬಲ್ಲದ್ದೂ ಹೋಗಬಹುದು, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಅರವತ್ತರ ವಯಸ್ಸಿನಲ್ಲಿ ಹೋದ ಸ್ನಾಯು ಸುಲಭಕ್ಕೆ ಬರುವುದಿಲ್ಲ. ನಡಿಗೆ ಒಳ್ಳೆಯದೇ, ಆದರೆ ನಡಿಗೆಯೊಂದೇ ಸ್ನಾಯುವನ್ನು ಕಾಯುವುದಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಎರಡು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಈ ಕಟ್ಟೆ ಮೇಲೇ ಮಾಡಬಹುದು, ನಗುವವರು ಎರಡು ದಿನ ನಗುತ್ತಾರೆ.

ನಿದ್ದೆಯ ಬಗ್ಗೆ ನಾನು ಬಹಳ ವರ್ಷ ಉಡಾಫೆ ಮಾಡಿದೆ. ಷಿಕಾಗೊ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಓದಿದ ಮೇಲೆ ಸುಮ್ಮನಾದೆ. ಹತ್ತೇ ಜನ. ಎರಡು ವಾರ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ, ಊಟ ಎರಡೂ ಸಲ ಅಷ್ಟೇ ಕಡಿಮೆ. ತೂಕ ಹೆಚ್ಚುಕಡಿಮೆ ಒಂದೇ ಇಳಿಯಿತು. ಆದರೆ ನಿದ್ದೆಗೆಟ್ಟಾಗ ಕರಗಿದ ಕೊಬ್ಬು ಅರ್ಧಕ್ಕೂ ಕಡಿಮೆ, ಉಳಿದದ್ದೆಲ್ಲ ಸ್ನಾಯು ಮುಂತಾದ್ದು. ಮೇ ತಿಂಗಳಲ್ಲಿ ರಾತ್ರಿ ಕರೆಂಟ್ ಹೋಗಿ, ಚಾಪೆ ಹಿಡಿದು ಮಾಳಿಗೆಗೆ ಹತ್ತಿ, ಸೊಳ್ಳೆ ಹೊಡೆಯುತ್ತ ಮೂರು ಗಂಟೆಗೆ ಕಣ್ಣು ಮುಚ್ಚುವ ನಮಗೆ ಎಂಟೂವರೆ ಗಂಟೆ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ತೂಕ ನಿಂತರೆ ನಾನು ಅದಕ್ಕೇ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮಧ್ಯಾಹ್ನ ಒಂದು ತಾಸು ಮಲಗುತ್ತೇನೆ.

ಇನ್ನೂ ಇಳಿಯಲೇಬೇಕಾ ಅನ್ನುವ ಪ್ರಶ್ನೆಯೂ ಇದೆ, ಅದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ಶೇ 7 ತೂಕ ಇಳಿಸುವುದು. ಊಟ, ನಡಿಗೆ ಬದಲಿಸಿದ ಗುಂಪಿನಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ನಮ್ಮ ಅಕ್ಕ 78ರಿಂದ 71ಕ್ಕೆ ಬಂದಿದ್ದಾರೆ, ಅಂದರೆ ಸುಮಾರು ಶೇ 9. ‘ನಿಂತಿದೆ’ ಅಂತ ಅಳುತ್ತಿರುವ ಜಾಗ ಆ ಗುರಿಗಿಂತ ಮುಂದಿದೆ. ನಮಗೆ, ಭಾರತೀಯರಿಗೆ, ಕಾಟಾಕ್ಕಿಂತ ಟೇಪು ಮುಖ್ಯ ಅನ್ನಲು ಕಾರಣವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರ ಎತ್ತರಕ್ಕೆ ತಕ್ಕ ತೂಕದ ಅಂಕಿ (ಬಿಎಂಐ) ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಇಬ್ಬರ ಚಿತ್ರವೂ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೋಡಿದರೆ ಇಬ್ಬರೂ ತೆಳ್ಳಗೇ ಇದ್ದಾರೆ. ಹಾಗಾಗಿ ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗೆ ಬರಲಿ ಅನ್ನುತ್ತಾರೆ. ಅದು ಇಳಿಯುತ್ತಿದ್ದರೆ ಕಾಟಾ ತನ್ನ ಪಾಡಿಗೆ ನಿಂತಿರಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಮ್ಮ ಕೇಳಿದ: “ಸರ, ವಾರಕ್ಕೊಂದು ಸೂಜಿ ಬಂದದಂತಲ್ರಿ, ಅದ್ರಾಗ ನಿಲ್ಲಂಗಿಲ್ಲೇನ್ರಿ?” ಅದರಲ್ಲೂ ನಿಲ್ಲುತ್ತದೆ. ಆ ಸೂಜಿಯಲ್ಲಿರುವ ಸೆಮಾಗ್ಲುಟೈಡ್ ಎಂಬ ಔಷಧದ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ಇಳಿಯಿತು, ಗೆರೆ ಅಷ್ಟರೊಳಗೇ ಸಪಾಟಾಗುತ್ತ ಬಂದಿತ್ತು. ಸೂಜಿ ಹಸಿವನ್ನು ತಗ್ಗಿಸುವುದರಿಂದ ನಿಲ್ಲುವುದು ತಡವಾಗುತ್ತದೆ, ಬಿಟ್ಟರೆ ಹಸಿವು ಹಳೆಯ ಬಾಕಿಯ ಸಮೇತ ಬರುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ನಿಮ್ಮ ಡಾಕ್ಟರ್ ಹೇಳಬೇಕಾದ ಮಾತು, ಅಂಗಡಿಯವನದಲ್ಲ, ನನ್ನದೂ ಅಲ್ಲ.

ನನ್ನದು ಏನಾಯಿತು ಅಂತ ಆ ಅಕ್ಕ ಕೇಳುತ್ತಿದ್ದಾರೆ. ಹಿಂಡಿ ಮತ್ತೆ ಒಂದು ಚಮಚಕ್ಕೆ ಬಂತು, ಎಣ್ಣೆ ಜಾಗಕ್ಕೆ ಮೊಸರು. ನಾಲ್ಕು ತಿಂಗಳಲ್ಲಿ ಮೂರೂವರೆ ಕಿಲೋ ಇಳಿದು 79.5ಕ್ಕೆ ಬಂದೆ. ಅಲ್ಲಿ ಮತ್ತೆ ನಿಂತಿದೆ, ಇವತ್ತಿಗೆ ಐದು ವಾರ. ಸೊಂಟ 92. ಈ ಸಲ ಮೂರು ದಿನ ಬರೆಯುವ ಕೆಲಸ ಮನೆಯವರು ತಾವೇ ವಹಿಸಿಕೊಂಡಿದ್ದಾರೆ. ನಿನ್ನೆಯ ಚೀಟಿಯಲ್ಲಿ, ನಾನು ಬರೆಯದೇ ಬಿಡುತ್ತಿದ್ದ ಎರಡು ಬಾಬತ್ತು ಈಗಾಗಲೇ ಇವೆ.